ಗುಳೆ ಹೋದವರ ಲೆಕ್ಕ ಯಾರ ಪುಸ್ತಕದಲ್ಲಿದೆ?

ಮುಂಗಾರಿನ ಬೆಳೆ ಕೈಸೇರಿ, ದೀಪಾವಳಿಯ ಹಣತೆಗಳು ಆರುತ್ತಿದ್ದಂತೆಯೇ ರಾಯಚೂರು ಜಿಲ್ಲೆಯ ಹಳ್ಳಿಗಳಲ್ಲಿ ಗಂಟುಮೂಟೆ ಕಟ್ಟುವ ಕಾಲ ಆರಂಭವಾಗುತ್ತದೆ. ದೇವದುರ್ಗ ತಾಲ್ಲೂಕಿನ ದೊಡ್ಡಿ ಮತ್ತು ತಾಂಡಾಗಳಿಂದ, ಮಾನ್ವಿಯ ಕಾಲುವೆ ಕೊನೆಭಾಗದ ಗ್ರಾಮಗಳಿಂದ ಜೋಳದ ಹಿಟ್ಟಿನ ಚೀಲ, ಹಾಸಿಗೆಯ ಸುರುಳಿ, ನಾಲ್ಕು ಪಾತ್ರೆಗಳನ್ನು ಹೊತ್ತ ಕುಟುಂಬಗಳು ಬಸ್ ನಿಲ್ದಾಣಕ್ಕೂ ರಾಯಚೂರಿನ ರೈಲು ನಿಲ್ದಾಣಕ್ಕೂ ಬಂದು ಸೇರುತ್ತವೆ. ಕೆಲವರ ದಾರಿ ಬೆಂಗಳೂರಿಗೆ, ಕೆಲವರದು ಹೈದರಾಬಾದಿಗೆ, ಇನ್ನು ಕೆಲವರದು ಪುಣೆ, ಮುಂಬಯಿ, ಗೋವಾಗಳಿಗೆ. ಯುಗಾದಿಗೋ, ಊರ ಜಾತ್ರೆಗೋ, ಮೊಹರಂ ಹಬ್ಬಕ್ಕೋ ಅವರು ಮರಳಿ ಬಂದಾಗ ಊರು ಮತ್ತೆ ತುಂಬಿದಂತಾಗುತ್ತದೆ. ಈ ಪಯಣಕ್ಕೆ ನಮ್ಮ ಜನರು ಇಟ್ಟ ಹೆಸರು ಗುಳೆ.

ವಿಮಾನದಲ್ಲಿ ಸಮುದ್ರ ದಾಟುವವನಿಗೆ ಪಾಸ್‌ಪೋರ್ಟ್ ಬೇಕು, ವೀಸಾ ಬೇಕು, ಒಪ್ಪಂದದ ಕಾಗದ ಬೇಕು. ಕೃಷ್ಣಾ ನದಿಯ ಸೇತುವೆ ದಾಟಿ ನೆರೆರಾಜ್ಯ ಸೇರುವವನಿಗೆ ಇವಾವುವೂ ಬೇಕಿಲ್ಲ. ಭಾರತದ ಸಂವಿಧಾನ ತನ್ನ ಪ್ರಜೆಗೆ ದೇಶದ ಯಾವ ಭಾಗಕ್ಕಾದರೂ ಹೋಗಿ ನೆಲೆಸುವ ಸ್ವಾತಂತ್ರ್ಯವನ್ನು ಕೊಟ್ಟಿದೆ. ಇದು ಹೆಮ್ಮೆಯ ಸಂಗತಿ. ಆದರೆ ಕಾಗದ ಬೇಕಿಲ್ಲದ ಈ ಸ್ವಾತಂತ್ರ್ಯದ ನೆರಳಿನಲ್ಲಿಯೇ ಕಾಗದದಲ್ಲಿ ಎಲ್ಲಿಯೂ ಕಾಣಿಸದ ಲಕ್ಷಾಂತರ ದುಡಿಮೆಗಾರರ ಒಂದು ಲೋಕ ಬೆಳೆದಿದೆ. ಅವರು ಹೋದದ್ದು ಊರಿನ ಪಂಚಾಯಿತಿಗೆ ಗೊತ್ತಿಲ್ಲ. ಬಂದದ್ದು ನಗರದ ಕಾರ್ಮಿಕ ಇಲಾಖೆಗೆ ಗೊತ್ತಿಲ್ಲ. ದಾಖಲೆಯಿಲ್ಲದ ಈ ದುಡಿಮೆಯಿಂದ ಯಾರಿಗೆ ಲಾಭ, ಯಾರಿಗೆ ನಷ್ಟ ಎಂಬುದನ್ನು ವಿಚಾರಿಸುವುದು ಈ ಲೇಖನದ ಉದ್ದೇಶ.

ಎರಡು ನದಿಗಳ ನಡುವಣ ಬಾಯಾರಿಕೆ

ರಾಯಚೂರು ಎರಡು ಮಹಾನದಿಗಳ ನಡುವಣ ನಾಡು. ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ. ಶಕ್ತಿನಗರದ ಬಳಿ ಕೃಷ್ಣೆಯನ್ನು ದಾಟಿದರೆ ತೆಲಂಗಾಣ. ಮಂತ್ರಾಲಯದ ಕಡೆ ತುಂಗಭದ್ರೆಯನ್ನು ದಾಟಿದರೆ ಆಂಧ್ರಪ್ರದೇಶ. ಇಷ್ಟು ನೀರಿನ ನಡುವೆ ಇರುವ ಜನರು ಊರು ಬಿಡುವುದೇಕೆ ಎಂದು ಹೊರಗಿನವರು ಕೇಳುವುದುಂಟು. ನೀರು ಇರುವುದು ಬೇರೆ, ನೀರು ತಲುಪುವುದು ಬೇರೆ ಎಂಬುದೇ ಇದಕ್ಕೆ ಉತ್ತರ.

ತುಂಗಭದ್ರಾ ಅಣೆಕಟ್ಟು 1953ರಲ್ಲಿ ನೀರು ತುಂಬಿಕೊಂಡ ಮೇಲೆ ಎಡದಂಡೆ ಕಾಲುವೆಯ ಪ್ರದೇಶಕ್ಕೆ ಕರಾವಳಿ ಆಂಧ್ರದಿಂದ ಬಂಡವಾಳ ಮತ್ತು ಭತ್ತದ ಬೇಸಾಯದ ಅನುಭವವನ್ನು ತಂದ ರೈತರು ಬಂದು ಜಮೀನು ಕೊಂಡು ನೆಲೆಸಿದರು. ಸಿಂಧನೂರು, ಮಾನ್ವಿ ಭಾಗಗಳಲ್ಲಿ ಇಂದಿಗೂ ಅವರ ವಸತಿಗಳನ್ನು ‘ಕ್ಯಾಂಪ್’ ಎಂದೇ ಕರೆಯುತ್ತಾರೆ. ಅವರ ಶ್ರಮದಿಂದ ಈ ನೆಲ ಭತ್ತದ ಕಣಜವಾಯಿತೆಂಬುದು ನಿಜ. ಆದರೆ ಕಾಲುವೆಯ ಮೇಲ್ಭಾಗದಲ್ಲಿ ಭತ್ತ ನಳನಳಿಸಿದಷ್ಟೂ ಕೊನೆಭಾಗದ ಹೊಲಗಳಿಗೆ ಹರಿಯುವ ನೀರು ಕ್ಷೀಣಿಸಿತು. ಜಲಾಶಯದಲ್ಲಿ ಹೂಳು ತುಂಬುತ್ತ ಹೋಗಿ, ಆರಂಭದಲ್ಲಿ 133 ಟಿಎಂಸಿಯಷ್ಟಿದ್ದ ಸಂಗ್ರಹ ಸಾಮರ್ಥ್ಯ ಈಗ ಸುಮಾರು 105 ಟಿಎಂಸಿಗೆ ಇಳಿದಿದೆ. 2024ರ ಆಗಸ್ಟ್‌ನಲ್ಲಿ ಹತ್ತೊಂಬತ್ತನೆಯ ಕ್ರಸ್ಟ್ ಗೇಟ್ ಕೊಚ್ಚಿಹೋದಾಗ ಇಡೀ ಆಯಕಟ್ಟು ಪ್ರದೇಶವೇ ಉಸಿರು ಬಿಗಿಹಿಡಿದು ನಿಂತಿತ್ತು. ಮಾನ್ವಿಯ ಕೊನೆಭಾಗದ ರೈತನಿಗಂತೂ ಆ ಆತಂಕ ಪ್ರತಿವರ್ಷದ ಅನುಭವ.

ದೇವದುರ್ಗದ ಕಥೆ ಬೇರೆ. ನಾರಾಯಣಪುರ ಬಲದಂಡೆ ಕಾಲುವೆ ಈ ತಾಲ್ಲೂಕಿನ ಒಂದು ಪಾಲಿಗೆ ಹಸಿರು ತಂದಿತಾದರೂ, ಎತ್ತರದ ಮಸಾರಿ ಭೂಮಿ, ಕಲ್ಲುಗುಡ್ಡಗಳ ನಡುವಣ ದೊಡ್ಡಿಗಳು ಮಳೆಯನ್ನೇ ನಂಬಿವೆ. ಅಲ್ಲಿ ಎರಡು ಮೂರು ಎಕರೆ ಹೊಲದಲ್ಲಿ ತೊಗರಿ, ಸಜ್ಜೆ, ಹತ್ತಿ ಬೆಳೆಯುವ ಕುಟುಂಬಕ್ಕೆ ವರ್ಷದಲ್ಲಿ ಐದಾರು ತಿಂಗಳು ಕೈತುಂಬ ಕೆಲಸವಿದ್ದರೆ ಅದೇ ಪುಣ್ಯ. 2011ರ ಜನಗಣತಿಯ ಪ್ರಕಾರ ಜಿಲ್ಲೆಯ ಜನಸಂಖ್ಯೆ 19 ಲಕ್ಷಕ್ಕೂ ಹೆಚ್ಚು. ಸಾಕ್ಷರತೆ ಶೇಕಡ 60ನ್ನೂ ಮುಟ್ಟಿರಲಿಲ್ಲ. 2018ರಲ್ಲಿ ಕೇಂದ್ರ ಸರ್ಕಾರ ವಿಶೇಷ ಗಮನಕ್ಕಾಗಿ ಆರಿಸಿದ ಹಿಂದುಳಿದ ಜಿಲ್ಲೆಗಳ ಪಟ್ಟಿಯಲ್ಲಿ ಕರ್ನಾಟಕದಿಂದ ಸೇರಿದ್ದು ಎರಡೇ: ರಾಯಚೂರು ಮತ್ತು ಯಾದಗಿರಿ. ಸಂವಿಧಾನದ 371(ಜೆ) ವಿಧಿಯ ವಿಶೇಷ ಸ್ಥಾನಮಾನ ಈ ಪ್ರದೇಶದ ಓದಿದ ಮಕ್ಕಳಿಗೆ ಕಾಲೇಜಿನ ಸೀಟನ್ನೂ ಸರ್ಕಾರಿ ನೌಕರಿಯನ್ನೂ ಹತ್ತಿರ ತಂದಿದೆ. ಆದರೆ ಐದನೆಯ ತರಗತಿಗೇ ಶಾಲೆ ಬಿಟ್ಟು ಗಾರೆ ಬುಟ್ಟಿ ಹೊತ್ತವನ ಬಾಗಿಲಿಗೆ ಅದರ ಬೆಳಕು ಇನ್ನೂ ಬಿದ್ದಿಲ್ಲ.

ಊರು ಬಿಡುವುದಕ್ಕೆ ದಾರಿಯೂ ಬೇಕಷ್ಟೆ. ಮುಂಬಯಿಯ ಕಡೆಯಿಂದ ಬಂದ ಹಳಿಯೂ ಮದರಾಸಿನ ಕಡೆಯಿಂದ ಬಂದ ಹಳಿಯೂ 1871ರಲ್ಲಿ ಕೂಡಿಕೊಂಡದ್ದು ನಮ್ಮ ರಾಯಚೂರಿನಲ್ಲಿಯೇ. ಅಂದಿನಿಂದ ಒಂದೇ ಹಳಿಯ ಮೇಲೆ ಒಂದು ದಿಕ್ಕಿಗೆ ಮುಂಬಯಿ, ಇನ್ನೊಂದು ದಿಕ್ಕಿಗೆ ಗುಂತಕಲ್ ಮಾರ್ಗವಾಗಿ ಬೆಂಗಳೂರು, ಮದರಾಸು. 2023ರ ಜೂನ್‌ನಿಂದ ರಾಜ್ಯದೊಳಗೆ ಸಾಮಾನ್ಯ ಬಸ್ಸುಗಳಲ್ಲಿ ಮಹಿಳೆಯರಿಗೆ ಪ್ರಯಾಣ ಉಚಿತವಾದ ಮೇಲೆ ಬೆಂಗಳೂರಿಗೆ ಹೊರಡುವ ಕುಟುಂಬಕ್ಕೆ ಟಿಕೆಟ್ಟಿನ ಖರ್ಚು ಅರ್ಧದಷ್ಟು ಉಳಿಯಿತು. ಕೂಲಿಗೆ ಹೊರಟವರ ಪಾಲಿಗೆ ಇದು ಸಣ್ಣ ಮೊತ್ತವಲ್ಲ.

ಬಡ್ಡಿಯಿಲ್ಲದ ಸಾಲದ ಬಡ್ಡಿ

ಕೂಲಿ ಎಲ್ಲಿ ಹೆಚ್ಚೋ ಜನ ಅಲ್ಲಿಗೆ ಹೋಗುತ್ತಾರೆ ಎಂಬುದು ಅರ್ಥಶಾಸ್ತ್ರದ ಮೊದಲ ಪಾಠ. ಹ್ಯಾರಿಸ್ ಮತ್ತು ಟೊಡಾರೊ ಎಂಬ ವಿದ್ವಾಂಸರು 1970ರಲ್ಲಿ ಇದಕ್ಕೆ ಒಂದು ತಿದ್ದುಪಡಿ ಸೇರಿಸಿದರು: ವಲಸಿಗನು ಲೆಕ್ಕ ಹಾಕುವುದು ನಗರದ ಕೂಲಿಯನ್ನಷ್ಟೇ ಅಲ್ಲ, ಆ ಕೂಲಿ ತನಗೆ ಸಿಗುವ ಸಂಭವ ಎಷ್ಟೆಂಬುದನ್ನೂ. ಮುಂದೆ ಬಂದವರು ಇನ್ನೊಂದು ಹೆಜ್ಜೆ ಹೋಗಿ, ನಿರ್ಧಾರ ಒಬ್ಬನದಲ್ಲ, ಇಡೀ ಕುಟುಂಬದ್ದು. ಮಳೆ ಕೈಕೊಟ್ಟರೆ ನಗರದ ಕೂಲಿ, ನಗರ ಕೈಕೊಟ್ಟರೆ ಊರಿನ ಜೋಳ ಎಂದು ಕುಟುಂಬ ಅಪಾಯವನ್ನು ಹಂಚಿಕೊಳ್ಳುತ್ತದೆ ಎಂದರು. ದೇವದುರ್ಗದ ಅಜ್ಜಿಯರಿಗೆ ಈ ಪಾಠವನ್ನು ಯಾರೂ ಹೇಳಿಕೊಡಬೇಕಿಲ್ಲ. ಮೊಮ್ಮಕ್ಕಳನ್ನು ಮಡಿಲಿಗೆ ಹಾಕಿಕೊಂಡು ಊರಿನ ಮನೆಯ ದೀಪ ಹಚ್ಚುತ್ತ ಉಳಿಯುವವರು ಅವರೇ.

ಆದರೆ ಈ ಲೆಕ್ಕದಲ್ಲಿ ಒಂದು ಗಂಟು ಇದೆ. ಅದರ ಹೆಸರು ಮುಂಗಡ. ಮೇಸ್ತ್ರಿ ಊರಿಗೆ ಬಂದು ಮಗಳ ಮದುವೆಗೋ, ಬಿತ್ತನೆ ಬೀಜದ ಬಾಕಿಗೋ, ಆಸ್ಪತ್ರೆಯ ಖರ್ಚಿಗೋ ಒಂದಷ್ಟು ಹಣ ಕೊಡುತ್ತಾನೆ. ಬಡ್ಡಿ ಕೇಳುವುದಿಲ್ಲ, ದುಡಿದು ತೀರಿಸಿದರಾಯಿತು ಎನ್ನುತ್ತಾನೆ. ಮುಳುಗುವವನಿಗೆ ಅದು ದೇವರೇ ಚಾಚಿದ ಕೈ ಎನಿಸುವುದು ಸಹಜ. ಆ ಕೈಯ ಬೆಲೆಯೇನೆಂದು ಉದಾಹರಣೆಗಾಗಿ ಒಂದು ಲೆಕ್ಕ ಹಾಕಿ ನೋಡೋಣ.

ಗಂಡಹೆಂಡಿರು ಐವತ್ತು ಸಾವಿರ ರೂಪಾಯಿ ಮುಂಗಡ ಪಡೆದರೆನ್ನಿ. ಇದೇ ಹಣವನ್ನು ಊರಿನ ಸಾಹುಕಾರನಲ್ಲಿ ತಿಂಗಳಿಗೆ ನೂರಕ್ಕೆ ಮೂರರ ಬಡ್ಡಿಗೆ ತಂದಿದ್ದರೆ ತಿಂಗಳ ಬಡ್ಡಿ ಸಾವಿರದ ಐನೂರು. ಮುಂಗಡ ಪಡೆದವರಿಗೆ ಬಡ್ಡಿಯಿಲ್ಲ; ಬದಲಾಗಿ ಮುಂಗಡವಿಲ್ಲದೆ ಬಂದವನಿಗೆ ಸಿಗುವ ದಿನಗೂಲಿಗಿಂತ ತಲೆಗೆ ನೂರು ರೂಪಾಯಿ ಕಡಿಮೆ ಎಂದಿಟ್ಟುಕೊಳ್ಳೋಣ. ಇಬ್ಬರಿಗೆ ದಿನಕ್ಕೆ ಇನ್ನೂರು. ತಿಂಗಳಿಗೆ ಇಪ್ಪತ್ತೈದು ದಿನವೆಂದರೆ ಐದು ಸಾವಿರ. ಐವತ್ತು ಸಾವಿರಕ್ಕೆ ತಿಂಗಳಿಗೆ ಐದು ಸಾವಿರವೆಂದರೆ ನೂರಕ್ಕೆ ಹತ್ತರ ಬಡ್ಡಿ! ಸಾಹುಕಾರನ ಬಡ್ಡಿಯ ಮೂರುಪಟ್ಟಿಗೂ ಹೆಚ್ಚು. ಆರು ತಿಂಗಳಲ್ಲಿ ಮೂವತ್ತು ಸಾವಿರ ಹೀಗೆ ಕಣ್ಣಿಗೆ ಕಾಣದಂತೆ ಸೋರಿಹೋಗುತ್ತದೆ. ಅಸಲು ಮಾತ್ರ ಹಾಗೆಯೇ ಉಳಿದು, ಉಳಿದ ಕೂಲಿಯಲ್ಲಿ ಬೇರೆ ಮುರಿಯಲ್ಪಡುತ್ತದೆ. ಮಧ್ಯೆ ಜ್ವರ ಬಂದರೆ, ಹೆರಿಗೆಯಾದರೆ, ಮಳೆಯಿಂದ ಕೆಲಸ ನಿಂತರೆ ಮೇಸ್ತ್ರಿಯ ಬಾಕಿ ಮುಂದಿನ ವರ್ಷಕ್ಕೆ ಬೆಳೆಯುತ್ತದೆ. ಲೆಕ್ಕದ ಪುಸ್ತಕ ಇರುವುದು ಒಬ್ಬನ ಕೈಯಲ್ಲಿ ಮಾತ್ರ. ಹೆಬ್ಬೆಟ್ಟು ಒತ್ತಿದವನ ಕೈಯಲ್ಲಿ ಅದರ ಪ್ರತಿ ಇರುವುದಿಲ್ಲ.

ಸಾಲದ ಕಟ್ಟಿಗೆ ಒಳಗಾದ ದುಡಿಮೆಯನ್ನು 1976ರ ಜೀತಪದ್ಧತಿ ರದ್ದತಿ ಕಾಯಿದೆ ಅಪರಾಧವೆಂದು ಸಾರಿದೆ. ಕನಿಷ್ಠ ವೇತನಕ್ಕಿಂತ ಕಡಿಮೆ ಕೊಟ್ಟು ದುಡಿಸುವುದೂ ಬಲವಂತದ ದುಡಿಮೆಯೇ ಎಂದು ಸುಪ್ರೀಂ ಕೋರ್ಟ್ 1982ರಲ್ಲಿ ದೆಹಲಿಯ ಏಷ್ಯನ್ ಕ್ರೀಡಾಕೂಟದ ಕಟ್ಟಡ ಕಾರ್ಮಿಕರ ಪ್ರಕರಣದಲ್ಲಿ ತೀರ್ಪಿತ್ತಿತು. ಹಸಿವು ಕೂಡ ಒಂದು ಬಗೆಯ ಬಲವಂತ ಎಂಬ ವಿವೇಕ ಆ ತೀರ್ಪಿನ ತಿರುಳು.

ಹಾಗಾದರೆ ಊರಿನಲ್ಲಿಯೇ ಕೆಲಸ ಕೊಡಬಾರದೇ? ಉದ್ಯೋಗ ಖಾತರಿ ಯೋಜನೆ 2006ರ ಫೆಬ್ರುವರಿಯಲ್ಲಿ ಆರಂಭವಾದಾಗ ಕರ್ನಾಟಕದ ಮೊದಲ ಐದು ಜಿಲ್ಲೆಗಳಲ್ಲಿ ರಾಯಚೂರೂ ಒಂದಾಗಿತ್ತು. 2025–26ರಲ್ಲಿ ಅದರ ದಿನಗೂಲಿ ರಾಜ್ಯದಲ್ಲಿ 370 ರೂಪಾಯಿ. ನೂರು ದಿನವೂ ಕೆಲಸ ಸಿಕ್ಕಿತೆಂದರೂ ಒಂದು ಕುಟುಂಬದ ವರ್ಷದ ಗಳಿಕೆ 37,000. ಮೇಲೆ ಹೇಳಿದ ಐವತ್ತು ಸಾವಿರದ ಸಾಲಕ್ಕೆ ಸಾಹುಕಾರನ ಬಡ್ಡಿಯೇ ವರ್ಷಕ್ಕೆ 18,000. ಗಳಿಕೆಯ ಅರ್ಧದಷ್ಟು ಅಲ್ಲಿಗೇ ಹೋಯಿತು. 2025ರ ಡಿಸೆಂಬರ್‌ನಲ್ಲಿ ಸಂಸತ್ತು ಈ ಯೋಜನೆಯ ಸ್ಥಾನದಲ್ಲಿ ಹೊಸ ಕಾಯಿದೆಯನ್ನು ಅಂಗೀಕರಿಸಿ 125 ದಿನಗಳ ಭರವಸೆ ನೀಡಿತು. ಜೊತೆಗೆ ವೆಚ್ಚದ ಶೇಕಡ 40ರ ಭಾರವನ್ನು ರಾಜ್ಯಗಳ ಹೆಗಲಿಗೂ ಹೊರಿಸಿತು. ದಿನಗಳ ಸಂಖ್ಯೆ ಹೆಚ್ಚಿದ್ದು ಒಳ್ಳೆಯದೇ. ಆದರೆ ಗುಳೆಯ ಗಂಟು ಕಟ್ಟುವ ಆ ವಾರದಲ್ಲಿ ಕೆಲಸ ಸಿಗುವುದೇ, ಕೂಲಿ ಹದಿನೈದು ದಿನದೊಳಗೆ ಕೈಸೇರುವುದೇ ಎಂಬುದರ ಮೇಲೆ ಅದರ ಯಶಸ್ಸು ನಿಂತಿದೆ. ತಿಂಗಳುಗಟ್ಟಲೆ ಕಾದು ಪಡೆಯುವ ಕೂಲಿಗಿಂತ ಇಂದೇ ಕೈಗೆ ಬರುವ ಮುಂಗಡ ಬಡವನಿಗೆ ದೊಡ್ಡದಾಗಿ ಕಾಣುತ್ತದೆ.

ಬರೆಯದ ಪುಟದ ಬೆಲೆ

ಒಡಿಶಾದ ‘ದಾದನ್’ ಎಂಬ ಮುಂಗಡ ಪದ್ಧತಿಯ ಕ್ರೌರ್ಯ ಬೆಳಕಿಗೆ ಬಂದ ಹಿನ್ನೆಲೆಯಲ್ಲಿ ಸಂಸತ್ತು 1979ರಲ್ಲಿ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯಿದೆಯನ್ನು ರೂಪಿಸಿತು. ಐದು ಅಥವಾ ಹೆಚ್ಚು ಮಂದಿಯನ್ನು ಗಡಿಯಾಚೆ ಕರೆದೊಯ್ಯುವ ಗುತ್ತಿಗೆದಾರ ಪರವಾನಗಿ ಪಡೆಯಬೇಕು. ಪ್ರತಿಯೊಬ್ಬ ಕೆಲಸಗಾರನಿಗೂ ಭಾವಚಿತ್ರ ಅಂಟಿಸಿದ ಪಾಸ್‌ಬುಕ್ ಕೊಡಬೇಕು. ತಿಂಗಳ ಕೂಲಿಯ ಅರ್ಧದಷ್ಟನ್ನು ಸ್ಥಳಾಂತರ ಭತ್ಯೆಯಾಗಿ, ಹೋಗಿಬರುವ ಖರ್ಚನ್ನು ಪ್ರಯಾಣ ಭತ್ಯೆಯಾಗಿ ಕೊಡಬೇಕು. ಗುತ್ತಿಗೆದಾರ ಕೊಡದಿದ್ದರೆ ಮೂಲ ಮಾಲೀಕನೇ ಹೊಣೆ ಎಂದು ಕಾಯಿದೆ ವಿಧಿಸಿತ್ತು. ಆ ಪಾಸ್‌ಬುಕ್ ಕಾರ್ಮಿಕನ ಭಾಷೆಯಲ್ಲಿಯೂ ಇರಬೇಕೆಂಬ ನಿಯಮವಿತ್ತು. ಅಂದರೆ ಹೈದರಾಬಾದಿನಲ್ಲಿ ಕಲ್ಲು ಹೊರುವ ಮಾನ್ವಿಯ ಕೂಲಿಕಾರನಿಗೆ ಕನ್ನಡದಲ್ಲಿ ಬರೆದ ಲೆಕ್ಕದ ಪುಸ್ತಕ ಪಡೆಯುವ ಹಕ್ಕು ನಾಲ್ಕು ದಶಕಗಳಿಗೂ ಹೆಚ್ಚು ಕಾಲ ಇತ್ತು. ಅಂಥ ಪುಸ್ತಕವನ್ನು ಕಂಡವರು ನಮ್ಮಲ್ಲಿ ಎಷ್ಟು ಮಂದಿ?

ಏಕೆ ಹೀಗಾಯಿತೆಂಬುದಕ್ಕೂ ಲೆಕ್ಕವೇ ಉತ್ತರ ಹೇಳುತ್ತದೆ. ದಿನಕ್ಕೆ ಐನೂರರಂತೆ ತಿಂಗಳಿಗೆ ಹನ್ನೆರಡೂವರೆ ಸಾವಿರ ಗಳಿಸುವ ಒಬ್ಬ ಕೆಲಸಗಾರನಿಗೆ ಸ್ಥಳಾಂತರ ಭತ್ಯೆಯೇ 6,250 ರೂಪಾಯಿ ಸಲ್ಲಬೇಕಿತ್ತು. ಇಪ್ಪತ್ತು ಮಂದಿಯ ಒಂದು ತಂಡಕ್ಕೆ ಒಂದೂಕಾಲು ಲಕ್ಷ. ಒಂದು ಪುಟವನ್ನು ಬರೆಯದೆ ಬಿಟ್ಟರೆ ಒಂದೂಕಾಲು ಲಕ್ಷ ಉಳಿತಾಯವಾಗುವುದಾದರೆ, ಬರೆಯುವವರು ಯಾರು? ಆ ಉಳಿತಾಯದಲ್ಲಿ ಮೇಸ್ತ್ರಿಗೆ ಒಂದು ಪಾಲು, ಗುತ್ತಿಗೆದಾರನಿಗೆ ಇನ್ನೊಂದು ಪಾಲು, ಕಟ್ಟಡದ ಒಡೆಯನಿಗೆ ಮತ್ತೊಂದು ಪಾಲು ಸಲ್ಲುತ್ತದೆ. ಕಡೆಗೆ ಕಡಿಮೆ ಬೆಲೆಗೆ ಮನೆ ಕೊಂಡ ನಮ್ಮ ನಿಮ್ಮಂಥವರ ಜೇಬಿಗೂ ಅದರ ಒಂದು ಚೂರು ಬಂದು ಸೇರುತ್ತದೆ ಎಂಬುದನ್ನು ಮರೆಯಲಾಗದು.

ಇನ್ನೊಂದು ವಿಚಿತ್ರವನ್ನೂ ಗಮನಿಸಬೇಕು. ರಾಯಚೂರಿನಿಂದ ಹೈದರಾಬಾದ್ ಹತ್ತಿರ; ಬೆಂಗಳೂರು ಅದರ ಎರಡುಪಟ್ಟು ದೂರ. ಆದರೆ ಹೈದರಾಬಾದಿಗೆ ಕರೆದೊಯ್ದವನಿಗೆ ಮಾತ್ರ ಈ ಕಾಯಿದೆ ಅನ್ವಯಿಸುತ್ತಿತ್ತು. ಬೆಂಗಳೂರಿಗೆ ಹೋದವನು ರಾಜ್ಯದ ಗಡಿ ದಾಟದಿರುವುದರಿಂದ ಕಾನೂನಿನ ಕಣ್ಣಿಗೆ ಅವನು ವಲಸಿಗನೇ ಅಲ್ಲ. 2020ರ ಔದ್ಯೋಗಿಕ ಸುರಕ್ಷತೆಯ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಗೆ ಬಂದು 1979ರ ಕಾಯಿದೆಯನ್ನು ತನ್ನೊಳಗೆ ಸೇರಿಸಿಕೊಂಡಿದೆ. ಗುತ್ತಿಗೆದಾರನ ಹಂಗಿಲ್ಲದೆ ತಾನಾಗಿಯೇ ಗಡಿ ದಾಟಿದವನನ್ನೂ ಅದು ವಲಸೆ ಕಾರ್ಮಿಕನೆಂದು ಒಪ್ಪುತ್ತದೆ, ಇದು ಸ್ವಾಗತಾರ್ಹ. ಆದರೆ ಐದರ ಮಿತಿ ಹತ್ತಕ್ಕೆ ಏರಿತು. ಸ್ಥಳಾಂತರ ಭತ್ಯೆ ಮಾಯವಾಯಿತು. ರಾಜ್ಯದೊಳಗಣ ಗುಳೆ ಮಾತ್ರ ಹೊರಗೇ ಉಳಿಯಿತು.

ಎಣಿಕೆಗೆ ಸಿಕ್ಕ ಒಂದೇ ಬೇಸಿಗೆ

ಈ ಅದೃಶ್ಯ ಜನಸಮೂಹ ಇಡೀ ದೇಶದ ಕಣ್ಣಿಗೆ ಒಮ್ಮೆಲೆ ಕಾಣಿಸಿದ್ದು 2020ರ ಬೇಸಿಗೆಯಲ್ಲಿ. ಮಾರ್ಚ್ ಕೊನೆಯ ವಾರ ಲಾಕ್‌ಡೌನ್ ಘೋಷಣೆಯಾದಾಗ ಹೆದ್ದಾರಿಗಳಲ್ಲಿ ಕಾಲ್ನಡಿಗೆಯ ಸಾಲು ಹರಿಯಿತು. ಬೆಂಗಳೂರಿನಿಂದ ರಾಯಚೂರು ಜಿಲ್ಲೆಯತ್ತ ನಡೆದು ಹೊರಟವರೂ ಅದರಲ್ಲಿದ್ದರು. ಊರು ಮುಟ್ಟದೆ ದಾರಿಯಲ್ಲೇ ಪ್ರಾಣಬಿಟ್ಟವರೂ ಇದ್ದರು. ಮೇ ತಿಂಗಳ ಮೊದಲ ವಾರದಲ್ಲಿ ರಾಜ್ಯ ಸರ್ಕಾರ ಕಟ್ಟಡ ಉದ್ಯಮಿಗಳೊಡನೆ ಸಭೆ ನಡೆಸಿದ ಬೆನ್ನಿಗೇ ಹೊರರಾಜ್ಯದ ಕಾರ್ಮಿಕರ ವಿಶೇಷ ರೈಲುಗಳನ್ನು ರದ್ದುಪಡಿಸಿ, ತೀವ್ರ ಟೀಕೆ ಬಂದ ಮೇಲೆ ಮತ್ತೆ ಓಡಿಸಿದ್ದು ಇತಿಹಾಸ. ನಗರದ ಬೆಳವಣಿಗೆ ಯಾರ ಬೆನ್ನಿನ ಮೇಲೆ ನಿಂತಿದೆಯೆಂಬುದನ್ನು ಆ ಮೂರು ದಿನಗಳು ಯಾವ ಅರ್ಥಶಾಸ್ತ್ರದ ಗ್ರಂಥಕ್ಕಿಂತಲೂ ಸ್ಪಷ್ಟವಾಗಿ ಹೇಳಿದವು.

ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರ ಲೋಕಸಭೆಗೆ ಕೊಟ್ಟ ಉತ್ತರದಂತೆ ಊರಿಗೆ ಮರಳಿದ ವಲಸೆ ಕಾರ್ಮಿಕರ ಸಂಖ್ಯೆ ಒಂದು ಕೋಟಿ ನಾಲ್ಕು ಲಕ್ಷಕ್ಕೂ ಮಿಗಿಲು. ದಾರಿಯಲ್ಲಿ ಸತ್ತವರೆಷ್ಟು ಎಂಬ ಪ್ರಶ್ನೆಗೆ ಅಂಥ ಮಾಹಿತಿಯನ್ನು ಇಟ್ಟಿಲ್ಲವೆಂಬುದೇ ಉತ್ತರ. ಬದುಕಿದ್ದಾಗ ದಾಖಲೆಯಿಲ್ಲದವರಿಗೆ ಸತ್ತಾಗಲೂ ದಾಖಲೆಯಿಲ್ಲ. 2021ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ ಕಟ್ಟುನಿಟ್ಟಿನ ಆದೇಶ ನೀಡಿದ ಮೇಲೆ, ಆಗಸ್ಟ್‌ನಲ್ಲಿ ಇ–ಶ್ರಮ್ ನೋಂದಣಿ ಆರಂಭವಾಯಿತು. ಇಂದು ಅದರಲ್ಲಿ ಮೂವತ್ತು ಕೋಟಿಗೂ ಹೆಚ್ಚು ಅಸಂಘಟಿತ ಕಾರ್ಮಿಕರ ಹೆಸರುಗಳಿವೆ. ಒಂದೇ ಪಡಿತರ ಚೀಟಿಯಿಂದ ದೇಶದ ಎಲ್ಲಿಯಾದರೂ ಧಾನ್ಯ ಪಡೆಯುವ ವ್ಯವಸ್ಥೆ 2022ರ ಹೊತ್ತಿಗೆ ಎಲ್ಲ ರಾಜ್ಯಗಳನ್ನೂ ತಲುಪಿತು. ಹೆಸರು ಬರೆದದ್ದಾಯಿತು, ಆ ಹೆಸರಿನ ಮುಂದೆ ಕೂಲಿ, ಮಾಲೀಕ, ಕೆಲಸದ ಸ್ಥಳಗಳನ್ನು ಬರೆಯುವ ಕೆಲಸ ಬಾಕಿಯಿದೆ.

ಸಮುದ್ರದಾಚೆಯೂ ಅದೇ ಲೆಕ್ಕ

ನಮ್ಮ ಕಥೋಲಿಕ ಕುಟುಂಬಗಳಿಗೆ, ವಿಶೇಷವಾಗಿ ಕರಾವಳಿಯ ಮೂಲದವರಿಗೆ, ವಲಸೆ ಹೊಸದೇನಲ್ಲ. ಮುಂಬಯಿಯ ಹೋಟೆಲು, ಕಚೇರಿಗಳಿಂದ ಹಿಡಿದು ಕೊಲ್ಲಿ ದೇಶಗಳ ತನಕ ನಮ್ಮ ಎಷ್ಟೋ ಮನೆಗಳ ಹೆಂಚು, ಎಷ್ಟೋ ಚರ್ಚುಗಳ ಗೋಪುರ ಹೊರನಾಡಿನ ಗಳಿಕೆಯಿಂದ ಎದ್ದು ನಿಂತಿವೆ. ಗಲ್ಫಿಗೆ ಹೋಗುವ ಅಲ್ಪ ವಿದ್ಯಾವಂತನ ರಕ್ಷಣೆಗೆ 1983ರ ವಲಸೆ ಕಾಯಿದೆಯೂ ಅದರ ಅಧಿಕಾರಿಗಳೂ ಇದ್ದಾರೆ. ಹೀಗಿದ್ದರೂ ಏಜೆಂಟನಿಗೆ ಸಾಲ ಮಾಡಿ ಹಣ ಕೊಟ್ಟು ಹೋದವರು, ಹೇಳಿದ ಕೆಲಸ ಸಿಗದೆ ಮಾಲೀಕನನ್ನು ಬಿಟ್ಟು, ವೀಸಾ ಅವಧಿ ಮೀರಿ ತಲೆಮರೆಸಿಕೊಂಡು ದುಡಿದ ಕಥೆಗಳು ನಮ್ಮ ಧರ್ಮಕೇಂದ್ರಗಳಲ್ಲಿ ಅಪರಿಚಿತವಲ್ಲ. ಕುವೈತ್, ಸಂಯುಕ್ತ ಅರಬ್ ಸಂಸ್ಥಾನಗಳು 2024ರಲ್ಲಿಯೂ ಇಂಥವರಿಗೆ ಕ್ಷಮಾದಾನದ ಅವಧಿ ಘೋಷಿಸಿದವು. ಕಾಗದ ಕಳೆದುಕೊಂಡವನ ಕೂಲಿ ಕುಸಿಯುತ್ತದೆ. ದೂರು ಕೊಡಲು ಅವನಿಗೆ ಬಾಯಿಲ್ಲ. ಅವನ ಭಯವೇ ಮಾಲೀಕನ ಲಾಭ. ದೇವದುರ್ಗದವನ ಮುಂಗಡಕ್ಕೂ ಗಲ್ಫಿನವನ ಏಜೆಂಟ್ ಸಾಲಕ್ಕೂ ಹೆಸರು ಬೇರೆ, ಹಗ್ಗ ಒಂದೇ.

ನಮ್ಮ ಜಿಲ್ಲೆಗೆ ಬಂದವರನ್ನೂ ಮರೆಯುವಂತಿಲ್ಲ. ಪೂರ್ವ ಬಂಗಾಳದಿಂದ ನಿರಾಶ್ರಿತರಾಗಿ ಬಂದ ಬಂಗಾಳಿ ಕುಟುಂಬಗಳು ಸಿಂಧನೂರು ತಾಲ್ಲೂಕಿನ ಪುನರ್ವಸತಿ ಶಿಬಿರಗಳಲ್ಲಿ ಅರ್ಧ ಶತಮಾನದಿಂದ ನೆಲೆಸಿವೆ. ಅವರಲ್ಲಿ ಕೆಲವರ ಕೈಗೆ ಪೌರತ್ವದ ಪತ್ರ ಸೇರಿದ್ದು 2024ರಲ್ಲಿ. ಅಕ್ಕಿ ಗಿರಣಿಗಳಲ್ಲಿ ಚೀಲ ಹೊರಲು ಬಿಹಾರದ ಯುವಕರು ಬರುತ್ತಾರೆ. ನಮ್ಮವರು ಬೆಂಗಳೂರಿಗೆ, ಬಿಹಾರದವರು ನಮ್ಮೂರಿಗೆ! ಎಲ್ಲಿ ಪರಕೀಯನೋ ಅಲ್ಲಿ ಅಗ್ಗ ಎಂಬುದೇ ಈ ವ್ಯಾಪಾರದ ಗುಟ್ಟು. ತನ್ನ ಊರಿನಲ್ಲಿ ನಾಲ್ಕು ಜನರನ್ನು ಕರೆತಂದು ಕೂಲಿ ಕೇಳಬಲ್ಲವನು ಪರಊರಿನಲ್ಲಿ ಕೊಟ್ಟದ್ದನ್ನು ಕೈಯೊಡ್ಡಿ ಪಡೆಯುತ್ತಾನೆ.

ಗುಳೆಯೆಲ್ಲ ದುಃಖದ ಕಥೆಯೇ ಎಂದರೂ ಅದು ಅರ್ಧಸತ್ಯವಾದೀತು. ಜಮೀನ್ದಾರನ ಅಂಗಳದಲ್ಲಿ ತಲೆತಗ್ಗಿಸಿ ನಿಲ್ಲುತ್ತಿದ್ದ ದಲಿತ ಕುಟುಂಬದ ಮಗ ನಗರದಲ್ಲಿ ಗಾರೆಯ ಕಸುಬು ಕಲಿತು, ಸ್ವಂತ ಮನೆ ಕಟ್ಟಿ, ತಂಗಿಯನ್ನು ಓದಿಸಿದ ನಿದರ್ಶನಗಳು ಊರೂರಿಗೂ ಇವೆ. ಜನ ಹೋಗುವುದನ್ನು ತಡೆಯುವುದು ಸಾಧ್ಯವೂ ಅಲ್ಲ, ನ್ಯಾಯವೂ ಅಲ್ಲ. ಹೋಗಲೇಬೇಕಾದ ಅನಿವಾರ್ಯತೆಯನ್ನು ತಗ್ಗಿಸುವುದು, ಹೋದವರು ಹಕ್ಕಿನಿಂದ ದುಡಿಯುವಂತೆ ಮಾಡುವುದು ಸಮಾಜದ ಕರ್ತವ್ಯ.

ಹೆಚ್ಚಿನ ಬೆಲೆ ತೆರುವವರು ಮಕ್ಕಳು. ನವೆಂಬರ್‌ನಲ್ಲಿ ಶಾಲೆ ಬಿಟ್ಟು ಹೋದ ಮಗು ಏಪ್ರಿಲ್‌ನಲ್ಲಿ ಮರಳುವಾಗ ಪರೀಕ್ಷೆ ಮುಗಿದಿರುತ್ತದೆ. ಎರಡು ವರ್ಷ ಹೀಗಾದರೆ ಮೂರನೆಯ ವರ್ಷ ಅದು ಹತ್ತಿ ಬಿಡಿಸುವ, ಮೆಣಸಿನಕಾಯಿ ಬಿಡಿಸುವ ತಂಡದೊಡನೆ ಸರಕು ವಾಹನ ಏರುತ್ತದೆ. ಅಪ್ಪನ ಸಾಲದ ನಿಜವಾದ ಬಡ್ಡಿಯನ್ನು ಕಟ್ಟುವುದು ಮಗಳ ಪಾಟೀಚೀಲ.

ಧರ್ಮಸಭೆಯ ಮಾತು, ನಮ್ಮ ಮನೆಯ ಕೆಲಸ

ಪವಿತ್ರ ಬೈಬಲ್ಲಿನ ರೂತಳ ಗ್ರಂಥ ಆರಂಭವಾಗುವುದೇ ಒಂದು ಗುಳೆಯಿಂದ. ಬೆತ್ಲೆಹೇಮ್ ಎಂದರೆ ರೊಟ್ಟಿಯ ಮನೆ ಎಂದರ್ಥ. ಆ ರೊಟ್ಟಿಯ ಮನೆಯಲ್ಲಿ ಬರ ಬಿದ್ದಾಗ ಒಂದು ಕುಟುಂಬ ಗಡಿ ದಾಟಿ ಮೋವಾಬಿಗೆ ಹೋಗುತ್ತದೆ. ಭತ್ತದ ಕಣಜದಿಂದ ಹೊರಡುವ ನಮ್ಮ ಜನರ ಕಥೆಗೆ ಇದಕ್ಕಿಂತ ಹತ್ತಿರದ ಹೋಲಿಕೆ ಬೇಕಿಲ್ಲ. ಸ್ವದೇಶಿಯಾಗಲಿ ಪರದೇಶಿಯಾಗಲಿ, ಬಡ ಕೂಲಿಯಾಳಿನ ಕೂಲಿಯನ್ನು ಸೂರ್ಯ ಮುಳುಗುವ ಮುನ್ನವೇ ಕೊಡಬೇಕೆಂದು ಧರ್ಮೋಪದೇಶಕಾಂಡ ವಿಧಿಸುತ್ತದೆ. ಕೂಲಿಯನ್ನು ಹಿಡಿದಿಟ್ಟವರಿಗೆ ಸಂತ ಯಕೋಬರ ಪತ್ರ ಕೊಡುವ ಎಚ್ಚರಿಕೆಯಂತೂ ಬಲು ಕಟುವಾದದ್ದು.

ನ್ಯಾಯವಾದ ಕೂಲಿಯ ಪ್ರಶ್ನೆಯನ್ನು ಜಗದ್ಗುರು ಹದಿಮೂರನೇ ಲಿಯೊ 1891ರಲ್ಲಿಯೇ ‘ರೇರುಮ್ ನೊವಾರುಮ್’ ವಿಶ್ವಪತ್ರದಲ್ಲಿ ಎತ್ತಿದರು. ಜಗದ್ಗುರು ಹನ್ನೆರಡನೇ ಪಯಸ್ 1952ರಲ್ಲಿ ವಲಸೆ ಕುಟುಂಬಗಳ ಆರೈಕೆಗೆಂದೇ ‘ಎಕ್ಸುಲ್ ಫಮಿಲಿಯ’ವನ್ನು ಹೊರಡಿಸಿದರು. 1981ರ ‘ಲಬೋರೆಮ್ ಎಕ್ಸೆರ್ಚೆನ್ಸ್’ನಲ್ಲಿ ಜಗದ್ಗುರು ಎರಡನೇ ಜಾನ್ ಪಾಲ್, ಹಂಗಾಮಿ ಕೆಲಸಕ್ಕೆ ಬಂದವನೂ ಹಕ್ಕುಗಳಲ್ಲಿ ಅಲ್ಲಿನ ಕಾರ್ಮಿಕನಿಗಿಂತ ಕೀಳಾಗಬಾರದೆಂದು ಬೋಧಿಸಿದರು. ಬೋಧನೆಗೆ ಕೊರತೆಯಿಲ್ಲ, ಅದು ನಮ್ಮ ಹೊಸ್ತಿಲು ದಾಟಿ ಒಳಗೆ ಬರಬೇಕಾಗಿದೆ.

ಬಳ್ಳಾರಿ ಧರ್ಮಪ್ರಾಂತ್ಯಕ್ಕೆ ಸೇರಿದ ರಾಯಚೂರು ಸೀಮೆಯಲ್ಲಿ ಕಥೋಲಿಕರ ಸಂಖ್ಯೆ ಚಿಕ್ಕದು. ಆದರೆ ದಾಖಲೆ ಪುಸ್ತಕವನ್ನು ಶ್ರದ್ಧೆಯಿಂದ ಬರೆಯುವ ಸಂಪ್ರದಾಯ ನಮ್ಮಲ್ಲಿ ಹಳೆಯದು. ದೀಕ್ಷಾಸ್ನಾನ, ವಿವಾಹ, ಮರಣ, ಪ್ರತಿಯೊಂದಕ್ಕೂ ಧರ್ಮಕೇಂದ್ರದಲ್ಲಿ ಒಂದು ಪುಸ್ತಕವುಂಟು. ನೂರು ವರ್ಷದ ಹಿಂದಿನ ಹೆಸರನ್ನೂ ಅದರಲ್ಲಿ ಹುಡುಕಿ ತೆಗೆಯಬಹುದು. ಅದರ ಪಕ್ಕದಲ್ಲಿ ಇನ್ನೊಂದು ಪುಸ್ತಕ ಇಡಲು ಯಾವ ಅಡ್ಡಿಯೂ ಇಲ್ಲ. ಯಾವ ಜಾತಿ, ಯಾವ ಮತ ಎಂದು ಕೇಳದೆ ಊರಿನಿಂದ ಗುಳೆ ಹೋಗುವವರ ಹೆಸರು, ಜೊತೆಗೆ ಹೋಗುವ ಮಕ್ಕಳು, ಮೇಸ್ತ್ರಿಯ ಹೆಸರು, ಅವನ ದೂರವಾಣಿ ಸಂಖ್ಯೆ, ಪಡೆದ ಮುಂಗಡ, ಹೇಳಿದ ದಿನಗೂಲಿ, ತಲುಪುವ ಸ್ಥಳ ಇಷ್ಟನ್ನು ಬರೆದು, ಒಂದು ಪ್ರತಿಯನ್ನು ಕುಟುಂಬದ ಕೈಗೂ ಇನ್ನೊಂದನ್ನು ಪಂಚಾಯಿತಿಗೂ ಕೊಟ್ಟರೆ ಸಾಕು. ಲೆಕ್ಕಕ್ಕೆ ಎರಡನೆಯ ಪುಸ್ತಕವೊಂದಿದೆ ಎಂದು ಗೊತ್ತಾದ ಮೇಲೆ ಮೇಸ್ತ್ರಿಯ ಲೇಖನಿ ಎಚ್ಚರದಿಂದ ಓಡುತ್ತದೆ.

ಎರಡನೆಯದಾಗಿ, ವರ್ಷದಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ, 18ರಿಂದ 60ರ ವಯಸ್ಸಿನ ಯಾರೇ ಆದರೂ ರಾಜ್ಯದ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬಹುದು. ಕಟ್ಟಡದ ವೆಚ್ಚದ ಮೇಲೆ ಶೇಕಡ ಒಂದರ ಸುಂಕ ಸಂಗ್ರಹಿಸುವುದು ಇವರಿಗಾಗಿಯೇ. ಆ 90 ದಿನದ ಪ್ರಮಾಣಪತ್ರ ಕೊಡಿಸುವುದು ಕೂಲಿಕಾರನಿಗೆ ಬೆಟ್ಟ ಹತ್ತಿದಷ್ಟು ಕಷ್ಟ. ಅಕ್ಷರ ಬಲ್ಲ ಒಬ್ಬ ಯುವಕ ಅರ್ಧ ದಿನ ಜೊತೆಗೆ ಹೋದರೆ ಆಗುವ ಕೆಲಸ. ನಮ್ಮ ಯುವಜನ ಸಂಘಗಳಿಗೆ ಇದಕ್ಕಿಂತ ಒಳ್ಳೆಯ ತಪಸ್ಸುಕಾಲದ ಸೇವೆ ಯಾವುದು?

ಮೂರನೆಯದಾಗಿ, ಮಕ್ಕಳು ಊರಿನಲ್ಲೇ ಉಳಿಯಬೇಕು. ಮಾನ್ವಿಯಲ್ಲಿ ಯೇಸುಸಭೆಯ ಗುರುಗಳು ಶಾಲೆ ನಡೆಸುತ್ತಿದ್ದಾರೆ. ಸರ್ಕಾರದ ವಿದ್ಯಾರ್ಥಿನಿಲಯಗಳೂ ಇವೆ. ಆರು ತಿಂಗಳು ಒಂದು ಮಗುವಿನ ಊಟ ವಸತಿಯ ಹೊಣೆ ಹೊರಬಲ್ಲ ಕುಟುಂಬಗಳು ನಮ್ಮ ನಗರಗಳಲ್ಲಿ ಬೇಕಾದಷ್ಟಿವೆ. ಹಾಗೆಯೇ ಸಂಕಟದ ವೇಳೆಯಲ್ಲಿ ಹತ್ತು ಸಾವಿರ ಸಾಲ ಕೊಡಬಲ್ಲ ಮಹಿಳಾ ಸಂಘವೊಂದು ಊರಿನಲ್ಲಿದ್ದರೆ ಮುಂಗಡದ ಹಗ್ಗ ಅಷ್ಟರಮಟ್ಟಿಗೆ ಸಡಿಲವಾಗುತ್ತದೆ. ಕಿರುಸಾಲ ಸಂಸ್ಥೆಗಳ ವಸೂಲಿಯ ಕಾಟಕ್ಕೆ ಹೆದರಿ ಜನ ಊರು ಬಿಟ್ಟಾಗ 2025ರ ಫೆಬ್ರುವರಿಯಲ್ಲಿ ರಾಜ್ಯ ಸುಗ್ರೀವಾಜ್ಞೆಯನ್ನೇ ಹೊರಡಿಸಬೇಕಾಯಿತೆಂಬುದು ಸಾಲದ ಮೂಲ ಎಷ್ಟು ಮುಖ್ಯವೆಂದು ತೋರಿಸುತ್ತದೆ.

ಕೊನೆಯ ಮಾತು ಮನೆ ಕಟ್ಟಿಸುವವರಿಗೆ. ಇಟ್ಟಿಗೆ, ಸಿಮೆಂಟು, ಕಬ್ಬಿಣದ ದರವನ್ನು ನಾಲ್ಕು ಅಂಗಡಿ ಸುತ್ತಿ ವಿಚಾರಿಸುವ ನಾವು ಗುತ್ತಿಗೆದಾರನನ್ನು ಇನ್ನು ಮೂರು ಪ್ರಶ್ನೆ ಕೇಳಬಹುದು: ಇವರು ಯಾವ ಊರಿನವರು, ದಿನಕ್ಕೆ ಕೈಗೆ ಎಷ್ಟು ಸೇರುತ್ತದೆ, ಇವರ ಮಕ್ಕಳು ಎಲ್ಲಿದ್ದಾರೆ? ಉತ್ತರ ಕೇಳಿದ ಮೇಲೆ ಮನೆಯ ಬೆಲೆ ಸ್ವಲ್ಪ ಏರಬಹುದು. ಗೃಹಪ್ರವೇಶದ ದಿನ ಗುರುಗಳು ಬಂದು ಆಶೀರ್ವದಿಸುವ ಆ ಗೋಡೆಗಳ ಹಿಂದೆ ಯಾರ ಕೂಲಿಯೂ ಬಾಕಿ ಉಳಿಯದಿದ್ದರೆ ಆ ಏರಿದ ಬೆಲೆಯೇ ಮನೆಯ ಮೊದಲ ಆಶೀರ್ವಾದ.